ಈ ಮದ್ದು ನಮಗೆ ಹಿಡಿಯುವುದೇ? ಶ್ವಾಸಕೋಶದ ಕ್ಯಾನ್ಸರ್ ಮತ್ತು ಜೈವಿಕ ಸೂಚಕಗಳು



ಪುಣೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಕಾತ್ರಜವನ್ನು ಅರಿಯದವರು ವಿರಳ. ಊರಿನಿಂದ ಹೊರಟ ರಾತ್ರಿಯ ಬಸ್ಸು ಸಾತಾರಾವನ್ನು ದಾಟಿ, ಬೆಳಗಿನ ಜಾವದ ಮಬ್ಬುಗತ್ತಲೆಯಲ್ಲಿ ನಮ್ಮನ್ನು ಇಳಿಸುವುದು ಇಲ್ಲಿಯೇ. ಕೈಯಲ್ಲಿ ರೊಟ್ಟಿ-ಚಟ್ನಿಪುಡಿಯ ಗಂಟು, ಮನಸ್ಸಿನಲ್ಲಿ ಬಿಟ್ಟು ಬಂದ ಮನೆಯ ನೆನಪು. ನಮ್ಮ ಹಿರಿಯ ಅಣ್ಣನವರು ಸಂಸಾರ ಸಮೇತರಾಗಿ ಈ ಕಾತ್ರಜದಲ್ಲಿ ನೆಲೆಸಿ ಮೂವತ್ತು ವರ್ಷಗಳಾದವು. ಅವರ ಮನೆಯಲ್ಲಿ ನಡೆದ ಒಂದು ಪ್ರಸಂಗವೇ ಈ ಲೇಖನಕ್ಕೆ ಕಾರಣವಾಯಿತು.

ಎರಡು ದೀಪಾವಳಿಗಳ ಹಿಂದೆ ನಮ್ಮ ವೈನಿಯವರಿಗೆ ಕೆಮ್ಮು ಹತ್ತಿತು. ವಯಸ್ಸು ಅರವತ್ತೊಂದು. ಜನ್ಮದಲ್ಲಿ ಬೀಡಿ-ಸಿಗರೇಟಿನ ವಾಸನೆಯನ್ನೂ ಸಹಿಸದ ಹೆಣ್ಣುಮಗಳು. ಜಮಖಂಡಿಯ ತೌರುಮನೆಯಲ್ಲಿ ಒಲೆಯ ಮುಂದೆ ಊದುಗೊಳವೆ ಹಿಡಿದು ಕುಳಿತದ್ದಷ್ಟೇ ಅವರು ಕಂಡ ಹೊಗೆ. ಸಮೀಪದ ದವಾಖಾನೆಯೊಂದರಲ್ಲಿ ಎದೆಯ ಕ್ಷಕಿರಣ ಚಿತ್ರ ತೆಗೆದು, ಕಂಡ ನೆರಳನ್ನು ಕ್ಷಯವೆಂದು ತೀರ್ಮಾನಿಸಿ, ಕಫದ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳದೆಯೇ ಗುಳಿಗೆಗಳನ್ನು ಆರಂಭಿಸಿದರು. ಎರಡೂವರೆ ತಿಂಗಳು ಕಳೆದವು. ಕೆಮ್ಮು ಇಳಿಯಲಿಲ್ಲ, ತೂಕ ಇಳಿಯಿತು. ಸಂಕ್ರಾಂತಿಯ ವೇಳೆಗೆ ಬೇರೊಂದು ಆಸ್ಪತ್ರೆಯಲ್ಲಿ ಸಿ.ಟಿ. ಸ್ಕ್ಯಾನ್ ಆಗಿ, ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸಿದಾಗ ತಿಳಿದದ್ದು ಶ್ವಾಸಕೋಶದ ಕ್ಯಾನ್ಸರ್. ಅದೂ ಎದೆಯ ಪೊರೆಗೆ ಹಬ್ಬಿ ಅಲ್ಲಿ ನೀರು ತುಂಬಿದ ಹಂತದಲ್ಲಿ.

ಅಂದು ವೈದ್ಯರು ಹೇಳಿದ ಮಾತು ಮನೆಮಂದಿಗೆಲ್ಲ ವಿಚಿತ್ರವೆನಿಸಿತು. “ಇಂದೇ ಕೀಮೋ ಆರಂಭಿಸುವುದಿಲ್ಲ. ಬಯೋಮಾರ್ಕರ್ ವರದಿ ಬರಲಿ, ಹತ್ತು ಹನ್ನೆರಡು ದಿನ ಕಾಯೋಣ” ಎಂದರು. ಅಣ್ಣನವರು ಹೊರಗೆ ಬಂದು ನಮ್ಮ ಕೈ ಹಿಡಿದು, “ತಮ್ಮಾ, ಈಗಾಗಲೇ ಮೂರು ತಿಂಗಳು ಕಳಕೊಂಡೀವಿ. ಇನ್ನೂ ಯಾಕ ಕಾಯಬೇಕೋ? ಔಷಧ ಶುರು ಮಾಡ್ರಿ ಅಂತ ನೀನಾರ ಹೇಳು” ಎಂದು ಕಣ್ಣೀರಿಟ್ಟರು.

ನಾವು ಓದಿದ್ದು ಕಲಾ ವಿಭಾಗದಲ್ಲಿ. ಹೊಟ್ಟೆಪಾಡಿಗೆ ಬ್ಯಾಂಕಿನ ಲೆಕ್ಕ ಪುಸ್ತಕ. ವೈದ್ಯಶಾಸ್ತ್ರ ನಮ್ಮ ಕ್ಷೇತ್ರವಲ್ಲ. ಆದರೂ ಅಣ್ಣನವರ ಪ್ರಶ್ನೆಗೆ ಉತ್ತರ ಕೊಡಬೇಕಾಗಿತ್ತು. ಆ ಹನ್ನೆರಡು ದಿನಗಳಲ್ಲಿಯೂ ಅನಂತರದ ತಿಂಗಳುಗಳಲ್ಲಿಯೂ ವೈದ್ಯರನ್ನು ಕೇಳಿ, ಓದಿ, ಅರ್ಥ ಮಾಡಿಕೊಂಡುದನ್ನು ನಮ್ಮಂತಹ ಇತರ ಕುಟುಂಬಗಳಿಗೆ ಉಪಯೋಗವಾದೀತೆಂದು ಇಲ್ಲಿ ನಿವೇದಿಸುತ್ತಿದ್ದೇವೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಮುಂದೆ ಕುಳಿತಾಗ ಅವರ ಮಾತು ಅರ್ಥವಾಗಲೆಂದು ಮಾಡಿಕೊಳ್ಳುವ ಪೂರ್ವಸಿದ್ಧತೆ ಮಾತ್ರ.

ರೋಗವೊಂದೇ, ಬಗೆ ಹಲವು

2022ರ ಅಂದಾಜಿನಂತೆ ಜಗತ್ತಿನಲ್ಲಿ ಆ ಒಂದೇ ವರ್ಷ ಸುಮಾರು 25 ಲಕ್ಷ ಜನರಿಗೆ ಶ್ವಾಸಕೋಶದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು. ಸುಮಾರು 18 ಲಕ್ಷ ಜನರು ಅದರಿಂದ ಮೃತಪಟ್ಟರು. ಭಾರತದಲ್ಲಿ ಅದೇ ವರ್ಷ ಪತ್ತೆಯಾದವರ ಸಂಖ್ಯೆ 81 ಸಾವಿರಕ್ಕೂ ಮೇಲೆಂದು ಅಂದಾಜು. ಧೂಮಪಾನವು ಇದರ ಪ್ರಧಾನ ಕಾರಣವೆಂಬುದು ನಿರ್ವಿವಾದ. ಆದರೆ ಧೂಮಪಾನ ಮಾಡದವರಲ್ಲಿಯೂ, ವಿಶೇಷವಾಗಿ ಏಷ್ಯಾ ಖಂಡದ ಮಹಿಳೆಯರಲ್ಲಿ, ಈ ರೋಗ ಕಾಣಿಸಿಕೊಳ್ಳುತ್ತದೆ. “ಸೇದದವರಿಗೆ ಬಾರದು” ಎಂಬ ನಮ್ಮ ಭರವಸೆಯೇ ಎಷ್ಟೋ ಮನೆಗಳಲ್ಲಿ ತಪಾಸಣೆಯನ್ನು ತಡಮಾಡಿಸುತ್ತದೆ.

ಸೂಕ್ಷ್ಮದರ್ಶಕದ ಕೆಳಗೆ ನೋಡಿದಾಗ ಈ ಕ್ಯಾನ್ಸರಿನಲ್ಲಿ ಎರಡು ದೊಡ್ಡ ಬಗೆಗಳು ಕಾಣುತ್ತವೆ. ಸಣ್ಣ ಜೀವಕೋಶದ ಕ್ಯಾನ್ಸರ್ ನೂರಕ್ಕೆ ಹದಿನೈದರಷ್ಟು. ಉಳಿದ ಎಂಬತ್ತೈದರಷ್ಟು ಸಣ್ಣದಲ್ಲದ ಜೀವಕೋಶದ ಕ್ಯಾನ್ಸರ್. ಎರಡನೆಯದರಲ್ಲಿ ಮತ್ತೆ ಅಡೆನೋಕಾರ್ಸಿನೋಮ, ಸ್ಕ್ವೇಮಸ್ ಎಂಬ ಮುಖ್ಯ ಪ್ರಭೇದಗಳಿವೆ. ನಮ್ಮ ವೈನಿಯವರದು ಅಡೆನೋಕಾರ್ಸಿನೋಮ. ಈ ಹೆಸರುಗಳನ್ನು ಕೇಳಿ ಬೆದರಬೇಕಿಲ್ಲ. ಆದರೆ ವರದಿಯಲ್ಲಿ ಯಾವ ಹೆಸರಿದೆ ಎಂಬುದನ್ನು ತಿಳಿದಿರಬೇಕು. ಏಕೆಂಬುದು ಮುಂದೆ ಸ್ಪಷ್ಟವಾಗುತ್ತದೆ.

ಕೀಮೋ ಹೇಗೆ ಕೆಲಸ ಮಾಡುತ್ತದೆ?

ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ರಾಸಾಯನಿಕ ಚಿಕಿತ್ಸೆಯ ಬೆನ್ನೆಲುಬು ಪ್ಲಾಟಿನಂ ಲೋಹದಿಂದ ಮಾಡಿದ ಔಷಧಗಳು: ಸಿಸ್‌ಪ್ಲಾಟಿನ್ ಮತ್ತು ಅದರ ಸೋದರಿ ಕಾರ್ಬೋಪ್ಲಾಟಿನ್. ಇದರ ಶೋಧವೇ ಒಂದು ಆಕಸ್ಮಿಕ. ಅಮೆರಿಕದ ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಬಾರ್ನೆಟ್ ರೋಸೆನ್‌ಬರ್ಗ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ತಿನ ಪರಿಣಾಮವೇನೆಂದು ಪರೀಕ್ಷಿಸುತ್ತಿದ್ದರು. ಬ್ಯಾಕ್ಟೀರಿಯಾಗಳು ಇಬ್ಭಾಗವಾಗುವುದನ್ನು ನಿಲ್ಲಿಸಿ ದಾರದಂತೆ ಉದ್ದುದ್ದ ಬೆಳೆಯತೊಡಗಿದವು. ವಿಚಾರಿಸಿದಾಗ ಕಾರಣ ವಿದ್ಯುತ್ತಲ್ಲ, ವಿದ್ಯುತ್ ಹಾಯಿಸಲು ಬಳಸಿದ್ದ ಪ್ಲಾಟಿನಂ ಕಡ್ಡಿಯಿಂದ ಕರಗಿದ ಸಂಯುಕ್ತವೆಂದು ತಿಳಿಯಿತು. ಈ ಸಂಗತಿ 1965ರಲ್ಲಿ ಪ್ರಕಟವಾಯಿತು. 1978ರಲ್ಲಿ ಸಿಸ್‌ಪ್ಲಾಟಿನ್ ಔಷಧವಾಗಿ ಅಮೆರಿಕದಲ್ಲಿ ಮಂಜೂರಾಯಿತು.

ಜೀವಕೋಶದೊಳಗೆ ನಮ್ಮ ವಂಶವಾಹಿಗಳನ್ನು ಹೊತ್ತ ಡಿ.ಎನ್.ಎ. ಎಂಬ ಜೋಡಿ ಎಳೆಯಿದೆ. ಸಿಸ್‌ಪ್ಲಾಟಿನ್ ಹೋಗಿ ಆ ಎಳೆಗೆ ಅಂಟಿಕೊಂಡು ಗಂಟು ಹಾಕುತ್ತದೆ. ಗಂಟು ಬಿದ್ದ ಎಳೆಯನ್ನು ನಕಲು ಮಾಡಲಾಗದೆ, ಇಬ್ಭಾಗವಾಗಲು ಹೊರಟ ಜೀವಕೋಶ ಸಾಯುತ್ತದೆ. ಸದಾ ಇಬ್ಭಾಗವಾಗುತ್ತಿರುವ ಕ್ಯಾನ್ಸರ್ ಕೋಶಗಳಿಗೆ ಈ ಪೆಟ್ಟು ಹೆಚ್ಚು. ಕೂದಲಿನ ಬುಡ, ಕರುಳಿನ ಒಳಪದರ, ಎಲುಬಿನ ಮಜ್ಜೆಗಳಲ್ಲಿರುವ ಆರೋಗ್ಯವಂತ ಕೋಶಗಳೂ ಬೇಗ ಇಬ್ಭಾಗವಾಗುವಂಥವೇ ಆದ್ದರಿಂದ, ಕೀಮೋ ಔಷಧಗಳ ಪೆಟ್ಟಿನಲ್ಲಿ ಅವಕ್ಕೂ ಪಾಲು ಬರುತ್ತದೆ.

ಈಗ ಪ್ರಶ್ನೆ ಇದು. ಒಂದೇ ಔಷಧ, ಒಂದೇ ಪ್ರಮಾಣ, ಒಂದೇ ಹಂತದ ರೋಗ; ಆದರೂ ಒಬ್ಬರಿಗೆ ಗಡ್ಡೆ ಕರಗುತ್ತದೆ, ಇನ್ನೊಬ್ಬರಿಗೆ ಬರಿಯ ವಾಂತಿ-ನಿಶ್ಶಕ್ತಿಗಳಷ್ಟೇ ಉಳಿಯುತ್ತವೆ. ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದಕ್ಕೆ 2004ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು ಸಾಕ್ಷಿ. ಶಸ್ತ್ರಚಿಕಿತ್ಸೆಯಿಂದ ಗಡ್ಡೆ ತೆಗೆಸಿಕೊಂಡ 1,867 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಸಿಸ್‌ಪ್ಲಾಟಿನ್ ಸಹಿತವಾದ ಕೀಮೋ ಕೊಟ್ಟರು, ಉಳಿದವರಿಗೆ ಕೊಡಲಿಲ್ಲ. ಐದು ವರ್ಷಗಳ ನಂತರ ಬದುಕಿದ್ದವರು ಕೀಮೋ ಪಡೆದವರಲ್ಲಿ ಶೇಕಡಾ 44.5, ಪಡೆಯದವರಲ್ಲಿ ಶೇಕಡಾ 40.4. ಅಂದರೆ ನೂರು ಜನರಿಗೆ ಕೊಟ್ಟರೆ ಹೆಚ್ಚುವರಿಯಾಗಿ ಬದುಕಿದವರು ನಾಲ್ಕು ಮಂದಿ. ಆ ನಾಲ್ವರಿಗೆ ಅದು ಸಂಜೀವಿನಿ. ಆದರೆ ಆ ನಾಲ್ವರು ಯಾರೆಂದು ಮೊದಲೇ ಗುರುತಿಸುವ ಉಪಾಯವಿದೆಯೇ? ಈ ಉಪಾಯದ ಹುಡುಕಾಟಕ್ಕೇ ಬಯೋಮಾರ್ಕರ್, ಅಂದರೆ ಜೈವಿಕ ಸೂಚಕಗಳ ಶಾಸ್ತ್ರವೆಂದು ಹೆಸರು.

ಎರಡು ಬಗೆಯ ಸೂಚಕಗಳು

ಜೈವಿಕ ಸೂಚಕವೆಂದರೆ ಗಡ್ಡೆಯಲ್ಲಿಯೋ ರಕ್ತದಲ್ಲಿಯೋ ಅಳೆದು ನೋಡಬಹುದಾದ ಒಂದು ಗುರುತು. ಅದು ಒಂದು ಪ್ರೋಟೀನ್ ಆಗಿರಬಹುದು, ವಂಶವಾಹಿಯಲ್ಲಿ ಉಂಟಾದ ಬದಲಾವಣೆಯಾಗಿರಬಹುದು, ಜೀವಕೋಶದ ಆಕಾರವೇ ಆಗಿರಬಹುದು. ಇವುಗಳಲ್ಲಿ ಎರಡು ಬಗೆ. ಒಂದು, ರೋಗದ ಗತಿಯನ್ನು ತಿಳಿಸುವ ಸೂಚಕ: ಚಿಕಿತ್ಸೆ ಯಾವುದೇ ಇರಲಿ, ರೋಗ ಮಂದಗತಿಯದೋ ವೇಗದ್ದೋ ಎಂದು ಅದು ಹೇಳುತ್ತದೆ. ಇನ್ನೊಂದು, ಔಷಧದ ಫಲವನ್ನು ತಿಳಿಸುವ ಸೂಚಕ: ಇಂಥ ಔಷಧ ಕೊಟ್ಟರೆ ಈ ಗಡ್ಡೆ ಮಣಿಯುವುದೋ ಇಲ್ಲವೋ ಎಂದು ಅದು ಹೇಳುತ್ತದೆ.

ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಸಾಲಗಾರನ ಒಟ್ಟು ಆಸ್ತಿ ಎಷ್ಟೆಂದು ನೋಡುವುದು ಬೇರೆ. ಈಗ ನಾವು ಕೊಡುವ ಈ ಸಾಲದಿಂದ ಅವನ ವ್ಯಾಪಾರ ಚೇತರಿಸೀತೇ ಎಂದು ನೋಡುವುದು ಬೇರೆ. ಆಸ್ತಿವಂತನಿಗೆ ಕೊಟ್ಟ ಸಾಲ ವ್ಯರ್ಥವಾಗಬಹುದು, ಬಡವನಿಗೆ ಕೊಟ್ಟದ್ದು ಫಲಿಸಬಹುದು. ಇವೆರಡನ್ನೂ ಒಂದೆಂದು ತಿಳಿದ ಮ್ಯಾನೇಜರು ಕೈಸುಟ್ಟುಕೊಳ್ಳುತ್ತಾನೆ. ಸೂಚಕಗಳ ವಿಷಯದಲ್ಲಿಯೂ ಹಾಗೆಯೇ.

ಮೊದಲ ಸೂಚಕ: ಜೀವಕೋಶದ ರೂಪ

ಎಲ್ಲಕ್ಕಿಂತ ಸುಲಭವಾದ ಸೂಚಕ ಸೂಕ್ಷ್ಮದರ್ಶಕದಲ್ಲಿ ಕಾಣುವ ರೂಪವೇ. 2008ರಲ್ಲಿ ಪ್ರಕಟವಾದ, 1,725 ರೋಗಿಗಳನ್ನು ಒಳಗೊಂಡ ಅಧ್ಯಯನದಲ್ಲಿ ಸಿಸ್‌ಪ್ಲಾಟಿನ್ ಜೊತೆ ಪೆಮೆಟ್ರೆಕ್ಸೆಡ್ ಕೊಡುವುದು ಒಳಿತೋ, ಜೆಮ್‌ಸಿಟಾಬಿನ್ ಕೊಡುವುದು ಒಳಿತೋ ಎಂದು ಹೋಲಿಸಿದರು. ಒಟ್ಟಾರೆ ಎರಡೂ ಸಮಾನವೆನಿಸಿದವು. ಆದರೆ ರೋಗಿಗಳನ್ನು ಬಗೆ ಬಗೆಯಾಗಿ ವಿಂಗಡಿಸಿದಾಗ ಚಿತ್ರ ಬದಲಾಯಿತು. ಅಡೆನೋಕಾರ್ಸಿನೋಮ ಇದ್ದವರಲ್ಲಿ ಸರಾಸರಿ ಆಯುಷ್ಯ ಪೆಮೆಟ್ರೆಕ್ಸೆಡ್‌ನಿಂದ 12.6 ತಿಂಗಳು, ಜೆಮ್‌ಸಿಟಾಬಿನ್‌ನಿಂದ 10.9 ತಿಂಗಳು. ಸ್ಕ್ವೇಮಸ್ ಇದ್ದವರಲ್ಲಿ ಇದು ತಿರುವುಮುರುವು: ಪೆಮೆಟ್ರೆಕ್ಸೆಡ್‌ನಿಂದ 9.4, ಜೆಮ್‌ಸಿಟಾಬಿನ್‌ನಿಂದ 10.8. ಅಂದಿನಿಂದ ಸ್ಕ್ವೇಮಸ್ ಬಗೆಗೆ ಪೆಮೆಟ್ರೆಕ್ಸೆಡ್ ಕೊಡುವ ಪದ್ಧತಿಯಿಲ್ಲ. ವರದಿಯಲ್ಲಿ ಬಗೆಯ ಹೆಸರನ್ನು ನೋಡಿಕೊಳ್ಳಿರೆಂದು ಮೇಲೆ ಹೇಳಿದ್ದು ಇದಕ್ಕಾಗಿಯೇ.

ಆಸೆ ಹುಟ್ಟಿಸಿ ಮರೆಯಾದ ಸೂಚಕ

ಈಗ ಒಂದು ಪಾಠದ ಕಥೆ. ಸಿಸ್‌ಪ್ಲಾಟಿನ್ ಹಾಕಿದ ಗಂಟನ್ನು ಬಿಚ್ಚುವ ರಿಪೇರಿ ವ್ಯವಸ್ಥೆ ಜೀವಕೋಶದಲ್ಲಿ ಇದೆ. ಅದರಲ್ಲಿ ಇ.ಆರ್.ಸಿ.ಸಿ.1 ಎಂಬ ಪ್ರೋಟೀನ್ ತನ್ನ ಸಂಗಾತಿ ಪ್ರೋಟೀನಿನೊಡನೆ ಕೂಡಿ ಕೆಟ್ಟ ತುಂಡನ್ನು ಕತ್ತರಿಸಿ ತೆಗೆಯುತ್ತದೆ. ಈ ರಿಪೇರಿಗಾರ ಹೆಚ್ಚಾಗಿದ್ದರೆ ಔಷಧ ಹಾಕಿದ ಗಂಟು ಬಿಚ್ಚಿಹೋಗುತ್ತದೆ, ಔಷಧ ಹಿಡಿಯದು. ಅವನಿಲ್ಲದಿದ್ದರೆ ಔಷಧ ಹಿಡಿಯುತ್ತದೆ. ತರ್ಕ ಎಷ್ಟು ಸೊಗಸಾಗಿದೆ ನೋಡಿ!

2006ರಲ್ಲಿ ಫ್ರಾನ್ಸಿನ ಸಂಶೋಧಕರ ನೇತೃತ್ವದ ತಂಡ, ಮೇಲೆ ಹೇಳಿದ 1,867 ರೋಗಿಗಳ ಪೈಕಿ 761 ಮಂದಿಯ ಗಡ್ಡೆಗಳನ್ನು ಪರೀಕ್ಷಿಸಿತು. ಶೇಕಡಾ 44ರಷ್ಟು ಗಡ್ಡೆಗಳಲ್ಲಿ ಈ ಪ್ರೋಟೀನ್ ಕಂಡಿತು, ಶೇಕಡಾ 56ರಷ್ಟರಲ್ಲಿ ಕಾಣಲಿಲ್ಲ. ಕಾಣದವರಿಗೆ ಕೀಮೋದಿಂದ ಲಾಭವಾಗಿತ್ತು. ಕಂಡವರಿಗೆ ಲಾಭ ಕಾಣಲಿಲ್ಲ. ಇನ್ನೊಂದು ಸ್ವಾರಸ್ಯವೆಂದರೆ, ಕೀಮೋ ಪಡೆಯದವರಲ್ಲಿ ಈ ಪ್ರೋಟೀನ್ ಇದ್ದವರೇ ಹೆಚ್ಚು ಕಾಲ ಬದುಕಿದ್ದರು. ಒಂದೇ ಗುರುತು ರೋಗದ ಗತಿಯ ವಿಷಯದಲ್ಲಿ ಶುಭವನ್ನೂ, ಔಷಧದ ವಿಷಯದಲ್ಲಿ ಅಶುಭವನ್ನೂ ನುಡಿಯಿತು. ಜಗತ್ತಿನಾದ್ಯಂತ ಆಸೆ ಚಿಗುರಿತು.

ಆದರೆ 2013ರಲ್ಲಿ, ಅದೇ ಸಂಶೋಧನೆಯ ಹಿರಿಯರಿದ್ದ ತಂಡವೇ ಬೇರೆ ಎರಡು ಅಧ್ಯಯನಗಳ ಗಡ್ಡೆಗಳಲ್ಲಿ ಪುನಃ ಪರೀಕ್ಷಿಸಿದಾಗ ಮೊದಲಿನ ಫಲ ಸಿಗಲಿಲ್ಲ. ಕಾರಣ ಹುಡುಕಿದರು. ಈ ಪ್ರೋಟೀನಿಗೆ ನಾಲ್ಕು ರೂಪಗಳಿವೆ. ಅವುಗಳಲ್ಲಿ ಒಂದು ಮಾತ್ರ ನಿಜವಾಗಿ ರಿಪೇರಿ ಮಾಡಬಲ್ಲದು. ಅವರು ಪರೀಕ್ಷಿಸಿದ 16 ಆಂಟಿಬಾಡಿಗಳಲ್ಲಿ ಯಾವುದಕ್ಕೂ ಆ ಒಂದನ್ನು ಉಳಿದ ಮೂರರಿಂದ ಬೇರ್ಪಡಿಸಿ ಗುರುತಿಸುವ ಶಕ್ತಿಯಿರಲಿಲ್ಲ. ಬ್ಯಾಂಕಿನಲ್ಲಿ ಒಂದೇ ಮನೆಯ ನಾಲ್ವರು ಅಣ್ಣತಮ್ಮಂದಿರ ಸಹಿಗಳು ಒಂದೇ ತೆರನಾಗಿದ್ದು, ಖಾತೆ ಮಾತ್ರ ಒಬ್ಬನದಾದರೆ ಏನಾದೀತೋ ಅದೇ ಇಲ್ಲಿಯೂ ಆಯಿತು. ತರ್ಕ ತಪ್ಪಿರಲಿಲ್ಲ, ಗುರುತಿಸುವ ಸಾಧನ ತಪ್ಪಿತ್ತು. ಇಂದು ಸಾಮಾನ್ಯ ಚಿಕಿತ್ಸೆಯಲ್ಲಿ ಈ ಪರೀಕ್ಷೆಯನ್ನು ಆಧರಿಸಿ ಕೀಮೋ ನಿರ್ಧರಿಸುವುದಿಲ್ಲ.

ತಮ್ಮದೇ ಶೋಧವನ್ನು ತಾವೇ ಮರುಪರೀಕ್ಷಿಸಿ, ಫಲ ಸಿಗಲಿಲ್ಲವೆಂದು ಬಹಿರಂಗವಾಗಿ ಪ್ರಕಟಿಸಿದ ಆ ಸಂಶೋಧಕರ ಪ್ರಾಮಾಣಿಕತೆಗೆ ನಮ್ಮ ನಮಸ್ಕಾರಗಳು. ಕೀಮೋ ಔಷಧವೊಂದಕ್ಕೆ “ಹಿಡಿಯುತ್ತದೆ, ಹಿಡಿಯುವುದಿಲ್ಲ” ಎಂದು ಒಂದೇ ಮಾತಿನಲ್ಲಿ ನುಡಿಯುವ ಸರ್ವಮಾನ್ಯ ಸೂಚಕ ಇನ್ನೂ ದೊರೆತಿಲ್ಲ. ಸಣ್ಣ ಜೀವಕೋಶದ ಕ್ಯಾನ್ಸರಿನಲ್ಲಿ ಎಸ್.ಎಲ್.ಎಫ್.ಎನ್.11 ಎಂಬ ಪ್ರೋಟೀನಿನ ಮೇಲೆ ಸಂಶೋಧನೆ ನಡೆದಿದೆ. ಅದು ಇನ್ನೂ ದಿನನಿತ್ಯದ ಬಳಕೆಗೆ ಬಂದಿಲ್ಲ. ಆದುದರಿಂದ ಅಂತಹ ಖಚಿತ ಭರವಸೆ ನೀಡುವ ಜಾಹೀರಾತುಗಳನ್ನು ಕಂಡರೆ ವಾಚಕರು ಎಚ್ಚರದಿಂದಿರಬೇಕು.

ದಾರಿ ತೋರಿದ ಸೂಚಕ: ಇ.ಜಿ.ಎಫ್.ಆರ್.

ಹಾಗಾದರೆ ನಮ್ಮ ವೈದ್ಯರು ಕಾಯಲು ಹೇಳಿದ್ದು ಯಾವುದಕ್ಕಾಗಿ? ಜೀವಕೋಶದ ಮೈಮೇಲೆ ಇ.ಜಿ.ಎಫ್.ಆರ್. ಎಂಬ ಗ್ರಾಹಕವಿದೆ. ಅದನ್ನು ಬೆಳವಣಿಗೆಯ ಸ್ವಿಚ್ಚು ಎನ್ನಬಹುದು. ಹೊರಗಿನಿಂದ ಸೂಚನೆ ಬಂದಾಗ ಅದು ಹತ್ತಿಕೊಂಡು, ಕೆಲಸ ಮುಗಿದ ಮೇಲೆ ಆರಬೇಕು. ಕೆಲವು ಗಡ್ಡೆಗಳಲ್ಲಿ ವಂಶವಾಹಿಯ ಒಂದು ಚಿಕ್ಕ ಬದಲಾವಣೆಯಿಂದ ಈ ಸ್ವಿಚ್ಚು ಆರದೆ ಉರಿಯುತ್ತಲೇ ಇರುತ್ತದೆ. ಜಿಫಿಟಿನಿಬ್ ಎಂಬ ಗುಳಿಗೆ ಈ ಸ್ವಿಚ್ಚನ್ನು ಆರಿಸಬಲ್ಲದು. ಈ ಬದಲಾವಣೆಯಿದ್ದವರಿಗೇ ಆ ಗುಳಿಗೆ ಹಿಡಿಯುತ್ತದೆಂಬುದು 2004ರಲ್ಲಿ ಬೆಳಕಿಗೆ ಬಂದಿತು.

ಇದನ್ನು ನಿರ್ಣಾಯಕವಾಗಿ ತೋರಿಸಿದ್ದು ಪೂರ್ವ ಏಷ್ಯಾದ ರಾಷ್ಟ್ರಗಳಲ್ಲಿ ನಡೆದು 2009ರಲ್ಲಿ ಪ್ರಕಟವಾದ ಐಪಾಸ್ ಎಂಬ ಅಧ್ಯಯನ. ಧೂಮಪಾನ ಮಾಡದ, ಅಥವಾ ಹಿಂದೆಂದೋ ಅಲ್ಪವಾಗಿ ಮಾಡಿದ್ದ 1,217 ರೋಗಿಗಳಲ್ಲಿ ಕೆಲವರಿಗೆ ಜಿಫಿಟಿನಿಬ್ ಗುಳಿಗೆ, ಉಳಿದವರಿಗೆ ಕೀಮೋ ಕೊಟ್ಟರು. ಬದಲಾವಣೆಯಿದ್ದವರಲ್ಲಿ ಗುಳಿಗೆಯಿಂದ ಗಡ್ಡೆ ಕುಗ್ಗಿದ್ದು ಶೇಕಡಾ 71.2 ಜನರಲ್ಲಿ, ಕೀಮೋದಿಂದ ಶೇಕಡಾ 47.3 ಜನರಲ್ಲಿ. ಬದಲಾವಣೆ ಇಲ್ಲದವರಲ್ಲಿ ಗುಳಿಗೆಯಿಂದ ಕೇವಲ ಶೇಕಡಾ 1.1, ಕೀಮೋದಿಂದ ಶೇಕಡಾ 23.5.

ಈ ನಾಲ್ಕು ಅಂಕಿಗಳನ್ನು ನಾವು ಅಂದು ರಾತ್ರಿ ಒಂದು ಚೀಟಿಯಲ್ಲಿ ಬರೆದು ಅಣ್ಣನವರ ಮುಂದಿಟ್ಟೆವು. ಪರೀಕ್ಷೆಯಿಲ್ಲದೆ ಗುಳಿಗೆ ಕೊಟ್ಟು, ಬದಲಾವಣೆ ಇಲ್ಲವೆಂದಾದರೆ ನೂರರಲ್ಲಿ ಒಬ್ಬರಿಗೂ ಕಷ್ಟ. ಪರೀಕ್ಷೆಯಿಲ್ಲದೆ ಬರಿಯ ಕೀಮೋ ಕೊಟ್ಟು, ಬದಲಾವಣೆ ಇದೆಯೆಂದಾದರೆ ಕೈಗೆಟಕುವ ಉತ್ತಮ ಔಷಧವನ್ನು ಬಿಟ್ಟಂತೆ. ಇನ್ನೊಂದು ಸಂಗತಿಯೂ ಈ ಅಂಕಿಗಳಲ್ಲಿ ಅಡಗಿದೆ: ಬದಲಾವಣೆಯಿದ್ದವರಲ್ಲಿ ಕೀಮೋ ಕೂಡ ಇಲ್ಲದವರಿಗಿಂತ ಎರಡರಷ್ಟು ಹಿಡಿದಿತ್ತು. ಅಣ್ಣನವರು ಚೀಟಿಯನ್ನು ಬಹಳ ಹೊತ್ತು ನೋಡಿ, “ಹಂಗಾರ ಕಾಯೂಣು” ಎಂದರು. ಅಷ್ಟೇ.

ನಮ್ಮ ದೇಶದಲ್ಲಿ, ನಮ್ಮ ನೆರೆಯಲ್ಲಿ

ಪರದೇಶದ ಅಂಕಿಗಳು ನಮ್ಮ ಜನರಿಗೆ ಅನ್ವಯವಾಗುತ್ತವೆಯೇ ಎಂಬ ಸಂದೇಹ ಸಹಜ. ಮುಂಬಯಿಯ ಪರೇಲಿನಲ್ಲಿ 1941ರಲ್ಲಿ ಆರಂಭವಾದ ಟಾಟಾ ಮೆಮೋರಿಯಲ್ ಆಸ್ಪತ್ರೆಯನ್ನು ಅರಿಯದವರಿಲ್ಲ. ಬೆಂಗಳೂರಿನ ಕಿದ್ವಾಯಿಯಂತೆಯೇ ಅದು ನಮ್ಮ ಉತ್ತರ ಕರ್ನಾಟಕದ ಎಷ್ಟೋ ಕುಟುಂಬಗಳ ಕೊನೆಯ ಭರವಸೆ. ಅಲ್ಲಿನ ತಜ್ಞರು 907 ಭಾರತೀಯ ಅಡೆನೋಕಾರ್ಸಿನೋಮ ರೋಗಿಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದಂತೆ, ಶೇಕಡಾ 23 ಜನರಲ್ಲಿ ಇ.ಜಿ.ಎಫ್.ಆರ್. ಬದಲಾವಣೆಯಿತ್ತು, ಮಹಿಳೆಯರಲ್ಲಿಯೂ ಧೂಮಪಾನ ಮಾಡದವರಲ್ಲಿಯೂ ಅದು ಇನ್ನೂ ಹೆಚ್ಚು. ಹೆಚ್ಚು ಕಡಿಮೆ ನಾಲ್ವರಲ್ಲಿ ಒಬ್ಬರು.

ಅದೇ ಆಸ್ಪತ್ರೆಯಲ್ಲಿ ಡಾ. ವನಿತಾ ನರೋನ್ಹಾ, ಡಾ. ಕುಮಾರ್ ಪ್ರಭಾಷ್ ಮತ್ತು ಸಂಗಡಿಗರು ಮುಂದಿನ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಗುಳಿಗೆಯೋ ಕೀಮೋವೋ ಎಂದು ಆರಿಸುವುದೇಕೆ? ಬದಲಾವಣೆಯಿದ್ದವರಿಗೆ ಎರಡನ್ನೂ ಕೂಡಿಸಿ ಕೊಟ್ಟರೆ? 350 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಜಿಫಿಟಿನಿಬ್ ಗುಳಿಗೆ ಮಾತ್ರ, ಇನ್ನೊಂದಕ್ಕೆ ಗುಳಿಗೆಯೊಡನೆ ಪೆಮೆಟ್ರೆಕ್ಸೆಡ್ ಮತ್ತು ಕಾರ್ಬೋಪ್ಲಾಟಿನ್ ಕೊಟ್ಟರು. 2020ರಲ್ಲಿ ಪ್ರಕಟವಾದ ಫಲಿತಾಂಶದಂತೆ, ರೋಗ ಮತ್ತೆ ಮುಂದುವರಿಯುವವರೆಗಿನ ಅವಧಿ ಗುಳಿಗೆ ಮಾತ್ರ ಪಡೆದವರಲ್ಲಿ 8 ತಿಂಗಳು, ಎರಡನ್ನೂ ಪಡೆದವರಲ್ಲಿ 16 ತಿಂಗಳು. ಆಯುಷ್ಯವೂ ಹೆಚ್ಚಿತು. ಆದರೆ ತೀವ್ರ ಅಡ್ಡಪರಿಣಾಮಗಳು ಶೇಕಡಾ 25ರಿಂದ 51ಕ್ಕೆ, ಅಂದರೆ ಎರಡರಷ್ಟಾದವು. ಲಾಭವೂ ದ್ವಿಗುಣ, ಬಾಧೆಯೂ ದ್ವಿಗುಣ. ಪುಣೆಯಿಂದ ಮೂರೂವರೆ ತಾಸಿನ ರೈಲುದಾರಿಯಲ್ಲಿ ನಡೆದ ಈ ಕೆಲಸ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತೆಂಬುದು ಹೆಮ್ಮೆಯ ವಿಷಯ.

ಅನಂತರ ಒಸಿಮರ್ಟಿನಿಬ್ ಎಂಬ ಹೊಸ ತಲೆಮಾರಿನ ಗುಳಿಗೆ ಬಂದಿತು. ಅದರೊಡನೆಯೂ ಕೀಮೋ ಕೂಡಿಸಿ ನೋಡಿದ, 557 ರೋಗಿಗಳ ಅಂತರರಾಷ್ಟ್ರೀಯ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಗುಳಿಗೆ ಮಾತ್ರವಾದರೆ 16.7 ತಿಂಗಳು, ಕೀಮೋ ಕೂಡಿದರೆ 25.5 ತಿಂಗಳು ರೋಗ ತಡೆದು ನಿಂತಿತ್ತು.

ಇತರ ಸೂಚಕಗಳು

2007ರಲ್ಲಿ ಜಪಾನಿನ ವಿಜ್ಞಾನಿಗಳು ಎ.ಎಲ್.ಕೆ. ಎಂಬ ಇನ್ನೊಂದು ವಂಶವಾಹಿಯ ಬೆಸುಗೆಯನ್ನು ಶ್ವಾಸಕೋಶದ ಗಡ್ಡೆಗಳಲ್ಲಿ ಕಂಡುಹಿಡಿದರು. ಅದಕ್ಕೂ ಪ್ರತ್ಯೇಕ ಗುಳಿಗೆಗಳಿವೆ. ಪಿ.ಡಿ.ಎಲ್.1 ಎಂಬ ಪ್ರೋಟೀನ್ ಗಡ್ಡೆಯಲ್ಲಿ ಎಷ್ಟಿದೆ ಎಂಬುದರ ಮೇಲೆ ಇಮ್ಯುನೋಥೆರಪಿ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎತ್ತಿಕಟ್ಟುವ ಚಿಕಿತ್ಸೆ ಫಲಿಸುವ ಸಂಭವವನ್ನು ಅಂದಾಜು ಮಾಡುತ್ತಾರೆ. ಅರ್ಧಕ್ಕಿಂತ ಹೆಚ್ಚು ಕೋಶಗಳಲ್ಲಿ ಅದಿದ್ದು, ಇ.ಜಿ.ಎಫ್.ಆರ್. ಮತ್ತು ಎ.ಎಲ್.ಕೆ. ಬದಲಾವಣೆಗಳಿಲ್ಲದಿದ್ದರೆ, ಕೀಮೋ ಇಲ್ಲದೆಯೇ ಆ ಚಿಕಿತ್ಸೆಯನ್ನು ಆರಂಭಿಸಬಹುದೆಂದು 2016ರ ಅಧ್ಯಯನವೊಂದು ತೋರಿಸಿತು.

ಇಲ್ಲೊಂದು ಎಚ್ಚರಿಕೆ ಅವಶ್ಯ. ಇ.ಜಿ.ಎಫ್.ಆರ್. ಬದಲಾವಣೆಯಿದ್ದವರಿಗೆ ಇಮ್ಯುನೋಥೆರಪಿಯಿಂದ ಲಾಭ ಸಾಮಾನ್ಯವಾಗಿ ಕಡಿಮೆ. ಅವಸರದಲ್ಲಿ ಅದನ್ನು ಮೊದಲು ಕೊಟ್ಟು, ವರದಿ ಬಂದ ಬಳಿಕ ಒಸಿಮರ್ಟಿನಿಬ್ ಆರಂಭಿಸಿದರೆ ಶ್ವಾಸಕೋಶದ ಉರಿಯೂತದ ಅಪಾಯ ಹೆಚ್ಚುತ್ತದೆ. ಕಾಯುವುದು ಸೋಮಾರಿತನವಲ್ಲವೆಂಬುದಕ್ಕೆ ಇದೂ ಒಂದು ಕಾರಣ. ಹಾಗೆಂದು ರೋಗಿಯ ಸ್ಥಿತಿ ತೀರ ಗಂಭೀರವಾಗಿದ್ದರೆ ವೈದ್ಯರು ವರದಿಗೆ ಕಾಯದೆ ಕೀಮೋ ಆರಂಭಿಸುವುದೂ ಉಂಟು. ಆ ನಿರ್ಣಯ ಅವರದೇ.

ಪರೀಕ್ಷೆ ನಡೆಯುವ ಬಗೆ

ಈ ಪರೀಕ್ಷೆಗಳಿಗೆಲ್ಲ ಮೂಲ ದ್ರವ್ಯ ಬಯಾಪ್ಸಿಯ ತುಣುಕು. ಅದನ್ನು ಮೇಣದಲ್ಲಿ ಹುದುಗಿಸಿ ಮಾಡಿದ ಪುಟ್ಟ ಚೌಕಕ್ಕೆ ಬ್ಲಾಕ್ ಎನ್ನುತ್ತಾರೆ. ತುಣುಕು ಅಕ್ಕಿಕಾಳಿಗಿಂತ ಚಿಕ್ಕದು. ರೋಗದ ಹೆಸರನ್ನು ನಿರ್ಧರಿಸುವಷ್ಟರಲ್ಲಿಯೇ ಅದು ಖರ್ಚಾಗಿ, ವಂಶವಾಹಿ ಪರೀಕ್ಷೆಗೆ ಉಳಿಯದೆ ಹೋಗುವುದುಂಟು. ನಮ್ಮಲ್ಲಿಯೂ ಹಾಗೆಯೇ ಆಯಿತು. “ಸಾಮಗ್ರಿ ಸಾಲದು” ಎಂಬ ವರದಿ ಆರನೆಯ ದಿನ ಬಂದಾಗ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಕೊನೆಗೆ ಎದೆಯಲ್ಲಿ ತುಂಬಿದ ನೀರನ್ನು ತೆಗೆದು, ಅದರಲ್ಲಿದ್ದ ಕೋಶಗಳಿಂದಲೇ ಬ್ಲಾಕ್ ಮಾಡಿ ಕಳುಹಿಸಿದರು. ತುಣುಕು ಸಿಗದವರಿಗೆ ರಕ್ತದಲ್ಲಿ ತೇಲುವ ಗಡ್ಡೆಯ ಡಿ.ಎನ್.ಎ. ಚೂರುಗಳನ್ನು ಹುಡುಕುವ ಪರೀಕ್ಷೆಯೂ ಈಗ ಲಭ್ಯವಿದೆ. ಅದರಲ್ಲಿ ಬದಲಾವಣೆ ಕಂಡರೆ ನಂಬಬಹುದು; ಕಾಣದಿದ್ದರೆ “ಇಲ್ಲ” ಎಂದು ತೀರ್ಮಾನಿಸದೆ ತುಣುಕಿನ ಪರೀಕ್ಷೆಗೆ ಪ್ರಯತ್ನಿಸಬೇಕೆಂದು ತಜ್ಞರ ಅಭಿಮತ.

ವೈದ್ಯರನ್ನು ಭೇಟಿಯಾಗುವಾಗ ಈ ಕೆಲವು ಪ್ರಶ್ನೆಗಳನ್ನು ಬರೆದುಕೊಂಡು ಹೋಗುವುದು ಒಳಿತು. ಕ್ಯಾನ್ಸರಿನ ಬಗೆ ಯಾವುದು? ಇ.ಜಿ.ಎಫ್.ಆರ್., ಎ.ಎಲ್.ಕೆ., ಪಿ.ಡಿ.ಎಲ್.1 ಪರೀಕ್ಷೆಗಳನ್ನು ಕಳುಹಿಸಿದ್ದೀರಾ? ತುಣುಕು ಸಾಕಷ್ಟಿದೆಯೇ? ವರದಿ ಎಂದು ಬರುತ್ತದೆ? ಅಲ್ಲಿಯವರೆಗೆ ಕಾಯುವುದು ಸುರಕ್ಷಿತವೇ? ಪ್ರಯೋಗಾಲಯಕ್ಕೆ ಎನ್.ಎ.ಬಿ.ಎಲ್. ಮಾನ್ಯತೆ ಇದೆಯೇ? ವಿಮೆಯಿದ್ದವರು ಪರೀಕ್ಷೆಯ ವೆಚ್ಚವೂ ಗುಳಿಗೆಯ ವೆಚ್ಚವೂ ಅದರಲ್ಲಿ ಸೇರಿವೆಯೇ ಎಂದು ವಿಮಾ ಕಂಪನಿಯಿಂದ ಬರಹದಲ್ಲಿಯೇ ಪಡೆಯಬೇಕು. ಬಾಯಿಮಾತು ಬಿಲ್ಲಿನ ಮುಂದೆ ನಿಲ್ಲದು ಎಂಬುದು ನಮ್ಮ ವೃತ್ತಿಯ ಅನುಭವ. ಬ್ಲಾಕ್ ಮತ್ತು ಎಲ್ಲ ವರದಿಗಳ ಪ್ರತಿಗಳನ್ನು ಜೋಪಾನವಾಗಿಡಿ. ಎರಡನೆಯ ಅಭಿಪ್ರಾಯಕ್ಕೆ ಪರೇಲಿಗೋ ಬೆಂಗಳೂರಿಗೋ ಹೋಗಬೇಕಾದರೆ ಅವೇ ಆಧಾರ.

ಮರಳಿ ಕಾತ್ರಜಕ್ಕೆ

ವರದಿ ಬಂದದ್ದು ಹದಿನಾರನೆಯ ದಿನ. ಇ.ಜಿ.ಎಫ್.ಆರ್. ಬದಲಾವಣೆ ಇತ್ತು. ವೈದ್ಯರು ಮೂರು ದಾರಿಗಳನ್ನು ವೆಚ್ಚ ಸಮೇತ ಕಾಗದದ ಮೇಲೆ ಬರೆದು ವಿವರಿಸಿದರು. ಹೊಸ ತಲೆಮಾರಿನ ಗುಳಿಗೆಯೇ ಮೇಲು, ಆದರೆ ದುಬಾರಿ. ಅಣ್ಣನವರು ಜಮಖಂಡಿಯ ಹೊಲ ಮಾರುವ ಮಾತೆತ್ತಿದರು. ವೈನಿಯವರು ಒಪ್ಪಲಿಲ್ಲ. “ಮೊಮ್ಮಕ್ಕಳ ಹೊಲ ನುಂಗಿ ನಾ ಬದುಕೂದು ಬ್ಯಾಡ್ರಿ” ಎಂದುಬಿಟ್ಟರು. ಕೊನೆಗೆ ಜಿಫಿಟಿನಿಬ್ ಗುಳಿಗೆಯೊಡನೆ ಕೀಮೋ, ಅಂದರೆ ಪರೇಲಿನ ತಜ್ಞರು ಪರೀಕ್ಷಿಸಿ ತೋರಿಸಿದ ದಾರಿಯೇ ನಮ್ಮ ಕೈಗೆಟಕಿತು.

ಚಿಕಿತ್ಸೆ ಆರಂಭವಾಗಿ ಈಗ ಹದಿನಾಲ್ಕು ತಿಂಗಳು. ಮೊದಲ ನಾಲ್ಕು ಕೀಮೋಗಳಲ್ಲಿ ಬಹಳ ಬಳಲಿದರು. ಎರಡು ಬಾರಿ ರಕ್ತಕಣಗಳು ಇಳಿದು ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರನೆಯ ತಿಂಗಳ ಸ್ಕ್ಯಾನಿನಲ್ಲಿ ಗಡ್ಡೆ ಅರ್ಧಕ್ಕಿಂತ ಕಡಿಮೆಯಾಗಿತ್ತು. ಕಳೆದ ಸ್ಕ್ಯಾನಿನಲ್ಲಿಯೂ ಹಾಗೆಯೇ ನಿಂತಿದೆ. ಇದು ಗುಣವಾಯಿತೆಂದಲ್ಲ. ಗಡ್ಡೆ ಎಂದಾದರೊಂದು ದಿನ ಈ ಔಷಧವನ್ನೂ ಮೀರುವ ದಾರಿ ಹುಡುಕಬಹುದೆಂದು ವೈದ್ಯರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆಗ ಮತ್ತೆ ಸೂಚಕಗಳ ಪರೀಕ್ಷೆ, ಮತ್ತೆ ಹೊಸ ದಾರಿಯ ಹುಡುಕಾಟ.

ಕ್ಷಯದ ಗುಳಿಗೆ ನುಂಗಿಸುತ್ತ ಕಳೆದ ಎರಡೂವರೆ ತಿಂಗಳನ್ನು ನೆನೆದರೆ ಈಗಲೂ ಮನಸ್ಸು ಕಹಿಯಾಗುತ್ತದೆ. ಮೂರು ವಾರ ಮೀರಿದ ಕೆಮ್ಮು, ಕಾರಣವಿಲ್ಲದೆ ಇಳಿಯುವ ತೂಕ, ಕಫದಲ್ಲಿ ರಕ್ತ ಇವು ಯಾರಿಗೇ ಕಂಡರೂ, ಅವರು ಸೇದುವವರಿರಲಿ ಬಿಡಲಿ, ಖಚಿತವಾದ ಪರೀಕ್ಷೆ ಮಾಡಿಸಿರೆಂದು ನಮ್ಮ ಕಳಕಳಿಯ ಪ್ರಾರ್ಥನೆ. ಆ ದಿನಗಳು ಪರೀಕ್ಷೆಯಿಲ್ಲದೆ ವ್ಯರ್ಥವಾದ ದಿನಗಳು. ಮುಂದಿನ ಹದಿನಾರು ದಿನಗಳು ಪರೀಕ್ಷೆಗಾಗಿ ಕಾದ ದಿನಗಳು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಕಳೆದ ಭಾನುವಾರ ಕಾತ್ರಜಕ್ಕೆ ಹೋದಾಗ ವೈನಿಯವರು ತಾವೇ ಜೋಳದ ರೊಟ್ಟಿ ತಟ್ಟುತ್ತಿದ್ದರು. ಅಣ್ಣನವರು ಮಗ್ಗುಲಲ್ಲಿ ಕುಳಿತು, ಹಂಚಿನ ಹೊಗೆ ಅವರತ್ತ ಹೋಗದಂತೆ ಕಿಟಕಿಯ ಫ್ಯಾನನ್ನು ಮತ್ತೆ ಮತ್ತೆ ಸರಿಪಡಿಸುತ್ತಿದ್ದರು. ನಾವು ಹೊಟ್ಟೆ ತುಂಬ ಉಂಡು ಬಂದೆವು.

ಸರ್ವರಿಗೂ ಆರೋಗ್ಯಭಾಗ್ಯ ದೊರೆಯಲೆಂದು ಹಾರೈಸುತ್ತೇವೆ.